ಮರಗಟ್ಟಿಸುವ ಮದ್ದಿಗೆ ಕ್ಯಾನ್ಸರ್ ಬಗ್ಗೀತೇ?

ನಮ್ಮ ಮನೆಯ ಈ ಕಥೆ ಶುರುವಾದದ್ದು ಬೀಟ್‌ರೂಟ್ ಪಲ್ಯದಿಂದ. ಹೀಗೆಂದರೆ ನಿಮಗೆ ನಗು ಬರಬಹುದು. ನನಗೂ ಆವತ್ತು ನಗುವೇ ಬಂದಿತ್ತು.

2023ರ ಶ್ರಾವಣ ಮಾಸ. ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಬೆಳಿಗ್ಗೆ ಪಾಯಿಖಾನೆ ತೊಳೆಯಲು ಹೋದವಳಿಗೆ ಬಿಳಿ ಬೇಸಿನ್ನಿನ ಅಂಚಿನಲ್ಲಿ ತೆಳುಗೆಂಪು ಕಂಡಿತು. ಆಗತಾನೆ ಒಳಗಿಂದ ಬಂದಿದ್ದವರು ನಮ್ಮ ಯಜಮಾನರು. "ರೀ, ಏನಿದು?" ಎಂದೆ. "ನಿನ್ನೆ ರಾತ್ರಿ ನಿನ್ನ ಬೀಟ್‌ರೂಟ್ ಪಲ್ಯ ಎರಡು ಸಲ ಹಾಕಿಸ್ಕೊಂಡೆನಲ್ಲ, ಅದೇ ಕಣೇ" ಎಂದು ನಕ್ಕು ಕೆಲಸಕ್ಕೆ ಹೊರಟೇಬಿಟ್ಟರು. ಬೀಟ್‌ರೂಟ್ ತಿಂದರೆ ಕೆಲವರಿಗೆ ಮೂತ್ರ ಕೆಂಪಗಾಗುವುದು ನಿಜವೇ. ನಾನೂ ಹೌದೆಂದುಕೊಂಡೆ.

ಹಬ್ಬದ ದಿನ ಬೆಳಿಗ್ಗೆ ಕಳಶಕ್ಕೆ ಸೀರೆ ಉಡಿಸುತ್ತಿದ್ದೆ. ಕೈ ತೊಳೆಯಲು ಹೋದರೆ ಮತ್ತೆ ಅದೇ ಕೆಂಪು, ಈ ಸಲ ಇನ್ನಷ್ಟು ಗಾಢ. ಆ ವಾರ ನಮ್ಮ ಮನೆಗೆ ಬೀಟ್‌ರೂಟೇ ಬಂದಿರಲಿಲ್ಲ. ಸೋರೆಕಾಯಿ, ಹುರುಳಿಕಾಯಿ, ಒಂದು ದಿನ ಬಸ್ಸಾರು. ತರಕಾರಿ ತಂದವಳು ನಾನು, ಹೆಚ್ಚಿದವಳು ನಾನು. ನನಗೆ ಗೊತ್ತಿರುವುದಿಲ್ಲವೇ?

"ಉರಿ ಇದೆಯಾ?" ಎಂದು ಕೇಳಿದೆ. "ಇಲ್ಲ."

"ನೋವು?"

"ಏನೂ ಇಲ್ಲ ಕಣೇ. ನೋವಿದ್ದರೆ ಹೇಳ್ತಿರಲಿಲ್ವಾ? ಮೈ ಉಷ್ಣ ಆಗಿದೆ ಅಷ್ಟೇ. ಸಾಯಂಕಾಲ ಎಳನೀರು ಕುಡೀತೀನಿ ಬಿಡು."

ನೋವಿಲ್ಲ ಎಂಬ ಈ ಮಾತೇ ನಮ್ಮನ್ನು ಎರಡೂವರೆ ತಿಂಗಳು ಏಮಾರಿಸಿತು.

ಮೊದಲು ನಮ್ಮ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಕುಣಿಗಲ್ ಕಡೆ. ಮದುವೆಯಾದ ಮೇಲೆ ಇವರ ಕೆಲಸದ ದೆಸೆಯಿಂದ ಲಗ್ಗೆರೆಗೆ ಬಂದು ನೆಲೆಸಿದೆವು. ಇವರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಟರ್ನರ್. ನಾನು ಎಸ್.ಎಸ್.ಎಲ್.ಸಿ. ತನಕ ಓದಿದವಳು. ಆಗ ಇವರಿಗೆ ಐವತ್ತನಾಲ್ಕು ವರ್ಷ. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ. ಇಪ್ಪತ್ತರ ವಯಸ್ಸಿಗೇ ಬೀಡಿ, ಸಂಬಳ ಹೆಚ್ಚಾದ ಮೇಲೆ ಸಿಗರೇಟು. ನಾನು ಗೊಣಗುವುದು, ಅವರು ತಾರಸಿಗೆ ಹೋಗಿ ಸೇದಿ ಬರುವುದು, ಹೀಗೇ ಇಪ್ಪತ್ತು ವರ್ಷ ಕಳೆದಿತ್ತು.

ಅಕ್ಕಪಕ್ಕದವರಿಗೆ ಹೇಳದೆ ಇರಲಾಗಲಿಲ್ಲ. ಒಬ್ಬರು ಬಾರ್ಲಿ ನೀರು ಎಂದರು, ಇನ್ನೊಬ್ಬರು ಧನಿಯಾ ಜೀರಿಗೆ ಕಷಾಯ ಎಂದರು. ಎಲ್ಲವನ್ನೂ ಮಾಡಿಕೊಟ್ಟೆ. ಮೂರು ದಿನಕ್ಕೆ ಮೂತ್ರ ತಿಳಿಯಾಯಿತು. ಬಾರ್ಲಿ ನೀರಿನ ಮಹಿಮೆ ಎಂದು ನಾನೇ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಹದಿನೈದು ದಿನಕ್ಕೆ ಮತ್ತೆ ಕೆಂಪು. ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಮೂತ್ರದ ಸೋಂಕು ಎಂದು ಐದು ದಿನದ ಮಾತ್ರೆ ಕೊಟ್ಟರು. ನಿಂತಿತು. ಮತ್ತೆ ಬಂತು, ಮತ್ತೆ ಮಾತ್ರೆ, ಮತ್ತೆ ನಿಂತಿತು. ಒಂದು ಸಲವೂ ಸ್ಕ್ಯಾನಿಂಗ್ ಮಾಡಿಸಿ ಅನ್ನಲಿಲ್ಲ. ನಮಗೂ ಕೇಳಬೇಕೆಂದು ತೋಚಲಿಲ್ಲ. ಈ ರಕ್ತದ ಬುದ್ಧಿಯೇ ಹಾಗಂತೆ, ತಾನೇ ಬರುತ್ತದೆ, ತಾನೇ ನಿಲ್ಲುತ್ತದೆ. ನಿಂತಾಗ ಯಾವ ಮದ್ದು ಕೈಯಲ್ಲಿತ್ತೋ ಅದಕ್ಕೆ ಹೆಸರು ಬರುತ್ತದೆ.

ದೀಪಾವಳಿಯ ಹಿಂದಿನ ದಿನ ರಕ್ತದ ಗರಣೆ ಬಿತ್ತು. ಒಂದಕ್ಕೆ ಹೋಗಲಾಗದೆ ಗಂಟೆಗಟ್ಟಲೆ ಒದ್ದಾಡಿದರು. ಇ.ಎಸ್.ಐ. ಕಾರ್ಡು ಹಿಡಿದುಕೊಂಡು ಆಟೋದಲ್ಲಿ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಓಡಿದೆವು. ಸ್ಕ್ಯಾನಿಂಗಿನಲ್ಲಿ ಮೂತ್ರಕೋಶದ ಒಳಗೋಡೆಗೆ ಅಂಟಿಕೊಂಡ ಒಂದು ಗಂಟು ಕಂಡಿತು. ಡಾಕ್ಟರು ನೋವಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ, "ಬೀಡಿ ಸೇದ್ತೀರಾ? ಎಷ್ಟು ವರ್ಷದಿಂದ?"

ಬೀಡಿಗೂ ಮೂತ್ರಕೋಶಕ್ಕೂ ಏನು ಸಂಬಂಧ? ಬೀಡಿ ಎಂದರೆ ಕೆಮ್ಮು, ಶ್ವಾಸಕೋಶ ಎಂದಷ್ಟೇ ನಾನು ತಿಳಿದಿದ್ದೆ. ಹೊಗೆಯಲ್ಲಿರುವ ವಿಷ ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಕೆಳಗೆ ಕಳಿಸುತ್ತದೆ, ಅದು ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ಹುಳಿ ಸಾರನ್ನು ಕಲಾಯಿ ಇಲ್ಲದ ಪಾತ್ರೆಯಲ್ಲಿ ಇಟ್ಟರೆ ಪಾತ್ರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬಣ್ಣದ ಕಾರ್ಖಾನೆಗಳ ರಾಸಾಯನಿಕಗಳೂ ಹೀಗೇ ಮಾಡುತ್ತವೆಯಂತೆ. 1895ರಲ್ಲೇ ಜರ್ಮನಿಯ ಲುಡ್ವಿಗ್ ರೆನ್ ಎಂಬ ಶಸ್ತ್ರವೈದ್ಯರು ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಕಾಯಿಲೆ ಹೆಚ್ಚೆಂದು ತೋರಿಸಿದ್ದರು. ಗಂಡಸರಲ್ಲಿ ಇದು ಹೆಂಗಸರಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಹಾಗೆಂದು ನಾವು ನಿಶ್ಚಿಂತೆಯಾಗಿರುವ ಹಾಗಿಲ್ಲ. ಹೆಂಗಸರಿಗೆ ರಕ್ತ ಕಂಡರೆ ಮುಟ್ಟಿನದಿರಬೇಕು, ಮುಟ್ಟು ನಿಲ್ಲುವ ಕಾಲದ್ದಿರಬೇಕು, ಉರಿಮೂತ್ರವಿರಬೇಕು ಎಂದು ತಿಂಗಳುಗಟ್ಟಲೆ ತಳ್ಳುತ್ತೇವೆ. ಅದಕ್ಕೇ ನಮ್ಮಲ್ಲಿ ಇದು ತಡವಾಗಿ ಗೊತ್ತಾಗುವುದು ಹೆಚ್ಚು.

ಅಲ್ಲಿಂದ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ಬರೆದುಕೊಟ್ಟರು. 1973ರಲ್ಲಿ ಶುರುವಾದ ಆಸ್ಪತ್ರೆ ಅದು. ಆ ಹೆಸರು ಕೇಳಿದರೇ ನಮ್ಮ ಕಡೆ ಜನ ದನಿ ತಗ್ಗಿಸುತ್ತಾರೆ. ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ಹತ್ತಿ ಲಾಲ್‌ಬಾಗಿನಲ್ಲಿ ಇಳಿದು ಆಟೋ ಹಿಡಿಯುವಷ್ಟರಲ್ಲಿ ಇವರು ಒಂದು ಮಾತೂ ಆಡಲಿಲ್ಲ. ಅಲ್ಲಿ ರಾಯಚೂರಿನವರು, ಕಲಬುರಗಿಯವರು, ಆಂಧ್ರದವರು ಗಂಟುಮೂಟೆ ಸಮೇತ ಕೂತಿದ್ದನ್ನು ಕಂಡು ನಾವು ಒಂದು ಗಂಟೆಯ ಹಾದಿಯವರು ಪುಣ್ಯವಂತರು ಅನ್ನಿಸಿತು.

ಈಗ ತಲೆಬರಹದ ಮಾತಿಗೆ ಬರುತ್ತೇನೆ. ಅಂದಿನಿಂದ ಮುಂದಿನ ಮೂರು ತಿಂಗಳಲ್ಲಿ ಮರಗಟ್ಟಿಸುವ ಮದ್ದು ನಮ್ಮ ಬದುಕಿನೊಳಗೆ ಮೂರು ಸಲ ಬಂತು.

ಮೊದಲನೆಯದು ದುರ್ಬೀನು ಪರೀಕ್ಷೆಯ ದಿನ. ಮೂತ್ರದ ದಾರಿಯಿಂದ ಸಣ್ಣ ನಳಿಕೆ ತೂರಿಸಿ ಒಳಗೆ ನೋಡುತ್ತಾರೆ. ನಳಿಕೆ ಹಾಕುವ ಮುಂಚೆ ಗಂಜಿಯಂಥ ತಣ್ಣನೆಯ ಜೆಲ್ಲಿ ಬಿಟ್ಟು ಹತ್ತು ನಿಮಿಷ ಸುಮ್ಮನೆ ಮಲಗಿಸಿದರಂತೆ. ಅದೇ ಲಿಗ್ನೋಕೇನ್. ಹಲ್ಲು ಕೀಳಿಸುವಾಗ ವಸಡಿಗೆ ಚುಚ್ಚಿ ತುಟಿಯೆಲ್ಲ ದಪ್ಪಗಾದ ಹಾಗೆ ಮಾಡುತ್ತಾರಲ್ಲ, ಅದೇ ಮದ್ದು. ಹೆರಿಗೆಯಾದ ಮೇಲೆ ಹೊಲಿಗೆ ಹಾಕುವ ಮುಂಚೆ ನಮ್ಮಲ್ಲಿ ಎಷ್ಟೋ ಜನಕ್ಕೆ ಚುಚ್ಚಿದ್ದೂ ಅದನ್ನೇ. ಅಂಗಡಿಯಲ್ಲಿ ಝೈಲೋಕೇನ್ ಎಂದರೆ ಬೇಗ ಅರ್ಥವಾಗುತ್ತದೆ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ಕಂಡುಹಿಡಿದದ್ದು. ಲುಂಡ್‌ಕ್ವಿಸ್ಟ್ ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದನಂತೆ. ಅದನ್ನು ಮಾರುಕಟ್ಟೆಗೆ ತಂದ ಆಸ್ಟ್ರಾ ಕಂಪನಿ 1979ರಲ್ಲಿ ಆಸ್ಟ್ರಾ-ಐ.ಡಿ.ಎಲ್. ಎಂಬ ಹೆಸರಿನಲ್ಲಿ ನಮ್ಮ ಬೆಂಗಳೂರಿಗೇ ಬಂದಿತ್ತು. ನಮ್ಮ ಊರಿಗೆ ಅಷ್ಟು ಹಳೆಯ ಪರಿಚಯದ ಮದ್ದು.

ಎರಡನೆಯದು ಆಪರೇಷನ್ ದಿನ. ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರದ ದಾರಿಯಿಂದಲೇ ಹೋಗಿ ವಿದ್ಯುತ್ತಿನ ತಂತಿಯಿಂದ ಗಂಟನ್ನು ಚೂರುಚೂರಾಗಿ ಕೆರೆದು ತೆಗೆಯುತ್ತಾರೆ. ಇವರಿಗೆ ಬೆನ್ನುಮೂಳೆಗೆ ಬುಪಿವಕೇನ್ ಎಂಬ ಮದ್ದು ಚುಚ್ಚಿದರು. ಅದೂ ಲಿಗ್ನೋಕೇನ್ ಕುಲದ್ದೇ, ಹೆಚ್ಚು ಹೊತ್ತು ನಿಲ್ಲುತ್ತದೆ. ಸೊಂಟದ ಕೆಳಗೆ ಮರದ ತುಂಡು. "ನನ್ನ ಕಾಲು ಬೇರೆ ಯಾರದ್ದೋ ಅನ್ನಿಸ್ತಿತ್ತು ಕಣೇ" ಎಂದು ಇವರು ಆಮೇಲೆ ಹೇಳಿದರು. ಇಷ್ಟಾದರೂ ತೊಡೆಯ ಸಂದಿನಲ್ಲಿ ಇನ್ನೊಂದು ಚುಚ್ಚುಮದ್ದು ಬೇಕಾಯಿತಂತೆ. ಮೂತ್ರಕೋಶದ ಪಕ್ಕದ ಗೋಡೆಗೆ ತೀರ ಹತ್ತಿರದಲ್ಲಿ ತೊಡೆಯ ನರವೊಂದು ಹಾದುಹೋಗುತ್ತದೆ. ವಿದ್ಯುತ್ ತಗುಲಿದರೆ ಕಾಲು ಇದ್ದಕ್ಕಿದ್ದಂತೆ ಒದೆಯುತ್ತದೆ. ಕಾಲು ಒದೆದರೆ ಡಾಕ್ಟರ ಕೈ ತಪ್ಪಿ ಮೂತ್ರಕೋಶ ತೂತಾಗಬಹುದು. ಆ ನರವನ್ನೂ ಮರಗಟ್ಟಿಸಿ ಕೆಲಸ ಮುಗಿಸಿದರು.

ಪರೀಕ್ಷೆಯ ಫಲ ಬಂತು. ಕ್ಯಾನ್ಸರೇ. ಆದರೆ ಮೂತ್ರಕೋಶದ ಮಾಂಸದ ಪದರಕ್ಕೆ ಇಳಿದಿರಲಿಲ್ಲ. ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯುವ ಮಾತು ಬರುತ್ತಿತ್ತು ಎಂದರು. ಹಾಗೆಂದು ಮುಗಿಯಿತು ಅನ್ನುವಂತಿಲ್ಲ. ಇದು ಕಿತ್ತಷ್ಟೂ ಬರುವ ಗರಿಕೆಯ ಹಾಗೆ ಮತ್ತೆ ಮತ್ತೆ ಚಿಗುರುವ ಜಾತಿ. ಚಿಗುರದ ಹಾಗೆ ಮೂತ್ರಕೋಶದೊಳಗೆ ಬಿ.ಸಿ.ಜಿ. ಬಿಡಬೇಕು, ವಾರಕ್ಕೊಂದರಂತೆ ಆರು ಸಲ.

ಬಿ.ಸಿ.ಜಿ. ಎಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಮಗು ಹುಟ್ಟಿದೊಡನೆ ತೋಳಿಗೆ ಹಾಕಿಸುವ ಕ್ಷಯದ ಲಸಿಕೆಯಲ್ಲವೇ ಅದು? ಅದೇ. 1921ರಿಂದ ಮಕ್ಕಳಿಗೆ ಕೊಡುತ್ತಿರುವ ಆ ಲಸಿಕೆಯನ್ನು ಮೂತ್ರಕೋಶಕ್ಕೆ ಬಿಟ್ಟರೆ ಮೈಯ ಕಾವಲುಪಡೆ ಎದ್ದು ನಿಂತು ಅಲ್ಲಿ ಉಳಿದ ಕ್ಯಾನ್ಸರ್ ಕಣಗಳ ಮೇಲೂ ಬೀಳುತ್ತದೆ ಎಂದು 1976ರಲ್ಲಿ ಕೆನಡಾದ ಡಾ. ಆಲ್ವಾರೋ ಮೊರಾಲೆಸ್ ತೋರಿಸಿಕೊಟ್ಟರು. ಇಂದಿಗೂ ಈ ಬಗೆಯ ಕ್ಯಾನ್ಸರಿಗೆ ಅದೇ ಮುಖ್ಯ ಮದ್ದು.

ಆ ವಾರಗಳು ನನಗೆ ಚೆನ್ನಾಗಿ ನೆನಪಿವೆ. ಬೆಳಿಗ್ಗೆಯಿಂದ ನೀರು ಕಾಫಿ ಕಡಿಮೆ. ಮದ್ದು ಬಿಟ್ಟ ಮೇಲೆ ಎರಡು ಗಂಟೆ ಕಟ್ಟಿಕೊಂಡಿರಬೇಕು. ಮನೆಗೆ ಬಂದ ಮೇಲೆ ಆರು ಗಂಟೆಯ ತನಕ ಒಂದಕ್ಕೆ ಹೋದಾಗಲೆಲ್ಲ ಕೂತೇ ಹೋಗಬೇಕು, ಸಿಡಿಯಬಾರದು. ಪ್ರತಿ ಸಲವೂ ಬ್ಲೀಚಿಂಗ್ ದ್ರಾವಣ ಸುರಿದು ಕಾಲು ಗಂಟೆ ಬಿಟ್ಟು ನೀರು ಹಾಕಬೇಕು, ಏಕೆಂದರೆ ಅದರಲ್ಲಿ ಜೀವಂತ ರೋಗಾಣು ಇರುತ್ತದೆ. ಅದು ನನ್ನ ಪಾಲಿನ ಕೆಲಸ. ಸಂಕ್ರಾಂತಿಯ ಎಳ್ಳುಬೆಲ್ಲದ ವಾಸನೆಯ ಮನೆಯಲ್ಲಿ ಆ ವರ್ಷ ಬ್ಲೀಚಿಂಗ್ ವಾಸನೆ. ಎಳ್ಳು ಬೀರಲು ಬಂದ ಹೆಣ್ಣುಮಕ್ಕಳು ಮೂಗು ಮುಚ್ಚಿಕೊಂಡಾಗ "ಜಿರಲೆ ಕಾಟ" ಎಂದು ಸುಳ್ಳು ಹೇಳಿದೆ. ಕ್ಯಾನ್ಸರ್ ಎಂಬ ಮಾತು ಬೀದಿಗೆ ಹೋದರೆ ಮಗಳ ಮದುವೆಯ ಮಾತುಕತೆಗೆ ಏನಾದೀತೋ ಎಂಬ ಭಯ. ಸರಿಯೋ ತಪ್ಪೋ, ಆಗ ಹಾಗೆ ಮಾಡಿದೆ.

ಎರಡನೇ ವಾರದ ಮದ್ದಾದ ಮೇಲೆ ಇವರಿಗೆ ವಿಪರೀತ ಉರಿ ಹತ್ತಿತು. ಅರ್ಧ ಗಂಟೆಗೊಮ್ಮೆ ಎದ್ದು ಓಡಬೇಕು, ಹೋದರೆ ಬೆಂಕಿ. ರಾತ್ರಿ ಸಣ್ಣ ಜ್ವರ. ಗಂಟು ಇದ್ದಾಗ ಒಂದು ದಿನವೂ ನರಳದ ಮನುಷ್ಯ ಗಂಟು ಹೋದ ಮೇಲೆ ನರಳುತ್ತಿದ್ದರು. ಇದು ಬಿ.ಸಿ.ಜಿ.ಯ ಗುಣವೇ, ಒಂದೆರಡು ದಿನಕ್ಕೆ ಇಳಿಯುತ್ತದೆ, ಜ್ವರ ಹೆಚ್ಚಾದರೆ ಮಾತ್ರ ತಕ್ಷಣ ಬನ್ನಿ ಎಂದು ಮೊದಲೇ ಹೇಳಿದ್ದರು. ಆದರೂ ಅನುಭವಿಸುವವರಿಗೆ ಗೊತ್ತು ಆ ಸಂಕಟ.

ಮರಗಟ್ಟಿಸುವ ಮದ್ದು ಮೂರನೇ ಸಲ ಬಂದದ್ದು ಅದೇ ವಾರ, ವಾಟ್ಸಾಪಿನ ದಾರಿಯಿಂದ. ನನ್ನ ಮೈದುನ ತುಮಕೂರಿನಿಂದ ಒಂದು ಸುದ್ದಿ ಕಳಿಸಿದ. "ನೂರು ರೂಪಾಯಿಯ ಇಂಜೆಕ್ಷನ್, ಕ್ಯಾನ್ಸರ್ ಮಾಯ. ಮುಂಬಯಿಯ ಟಾಟಾ ಆಸ್ಪತ್ರೆಯ ಸಂಶೋಧನೆ." ಕೆಳಗೆ ಲಿಗ್ನೋಕೇನ್ ಹೆಸರು. ಅದರ ಹಿಂದೆಯೇ ಇನ್ನೊಂದು, ಈ ಮದ್ದು ಮೂತ್ರಕೋಶದ ಕ್ಯಾನ್ಸರ್ ಕಣಗಳನ್ನೂ ಕೊಲ್ಲುತ್ತದೆ ಎಂದು.

ಇವರು ಹಾಸಿಗೆಯಲ್ಲಿ ಎದ್ದು ಕೂತರು. "ನೋಡೇ, ಈ ಮದ್ದು ನನಗೆ ಆಗಲೇ ಎರಡು ಸಲ ಕೊಟ್ಟಿದ್ದಾರೆ. ಉರಿಯೂ ಇಲ್ಲ, ಜ್ವರವೂ ಇಲ್ಲ. ಇದನ್ನೇ ಬಿಡೋದು ಬಿಟ್ಟು ಈ ಬೆಂಕಿ ಯಾಕೆ ಬಿಡ್ತಿದ್ದಾರೆ? ನಾನು ಮುಂದಿನ ವಾರ ಬರಲ್ಲ. ಈ ಇಂಜೆಕ್ಷನ್ ಕೊಡೋದಾದ್ರೆ ಬರ್ತೀನಿ."

ನಾನು ಏನೆನ್ನಲಿ? ಅವರು ಹೇಳಿದ್ದರಲ್ಲಿ ತಪ್ಪು ಹುಡುಕುವಷ್ಟು ಓದು ನನಗಿಲ್ಲ. ಹಠ ಮಾಡಿದರೆ "ನಿನಗೇನು, ಉರಿಯೋದು ನನಗೆ" ಅನ್ನುತ್ತಾರೆ. ಬಿಟ್ಟರೆ ಆರರಲ್ಲಿ ಎರಡಕ್ಕೇ ನಿಲ್ಲುತ್ತದೆ. ಸತ್ಯ ಹೇಳುತ್ತೇನೆ, ಒಂದು ರಾತ್ರಿ ನನಗೂ ಆಸೆಯಾಯಿತು. ಟಾಟಾ ಆಸ್ಪತ್ರೆಯವರು ಸುಳ್ಳು ಹೇಳುತ್ತಾರೆಯೇ? ಬೆಳಿಗ್ಗೆ ಮಗನಿಂದ ಆ ಸುದ್ದಿಯನ್ನು ಪ್ರಿಂಟ್ ಹಾಕಿಸಿಕೊಂಡು, ಇವರಿಗೆ ಹೇಳದೆ, ಒಬ್ಬಳೇ ಮೆಟ್ರೋ ಹತ್ತಿದೆ.

ನಮ್ಮನ್ನು ನೋಡುತ್ತಿದ್ದ ಡಾಕ್ಟರಮ್ಮ ಬಯ್ಯುತ್ತಾರೇನೋ ಎಂದುಕೊಂಡಿದ್ದೆ. ಅವರು ಕಾಗದ ಓದಿ, "ಸುದ್ದಿ ಸುಳ್ಳಲ್ಲ ಅಮ್ಮ, ಆದರೆ ಎರಡು ಬೇರೆ ಬೇರೆ ಸುದ್ದಿಯನ್ನ ಕಲಸಿಬಿಟ್ಟಿದ್ದಾರೆ. ಕೂತ್ಕೊಳ್ಳಿ" ಎಂದರು. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ನಿಮಗೂ ಹೇಳುತ್ತೇನೆ, ಏಕೆಂದರೆ ಈ ಸುದ್ದಿ ನಿಮ್ಮ ಫೋನಿಗೂ ಬಂದೇ ಬರುತ್ತದೆ.

ಟಾಟಾ ಸ್ಮಾರಕ ಕೇಂದ್ರದ ಆಗಿನ ನಿರ್ದೇಶಕ ಡಾ. ರಾಜೇಂದ್ರ ಬಡ್ವೆಯವರು ಮತ್ತು ಸಂಗಡಿಗರು ಮಾಡಿದ ಪರೀಕ್ಷೆ ನಿಜವಾದದ್ದು. ಅದು ಹೆಂಗಸರ ಸ್ತನ ಕ್ಯಾನ್ಸರಿನದು. ನಮ್ಮ ದೇಶದ 11 ಆಸ್ಪತ್ರೆಗಳಲ್ಲಿ, 2011ರಿಂದ 2022ರ ತನಕ, 1600 ಹೆಂಗಸರ ಮೇಲೆ ನಡೆಯಿತು. ಎಲ್ಲರಿಗೂ ಆರಂಭದ ಹಂತದ ಗಡ್ಡೆ, ಎಲ್ಲರಿಗೂ ಆಪರೇಷನ್. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಮಾತ್ರ, ಕತ್ತರಿ ಹಾಕುವ ಏಳರಿಂದ ಹತ್ತು ನಿಮಿಷ ಮುಂಚೆ, ಗಡ್ಡೆಯ ಸುತ್ತ ಲಿಗ್ನೋಕೇನ್ ಚುಚ್ಚಿದರು. ಖರ್ಚು ನೂರು ರೂಪಾಯಿಯೊಳಗೆ. ಐದು ವರ್ಷದ ಮೇಲೆ ಲೆಕ್ಕ ನೋಡಿದಾಗ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 90 ಜನ ಬದುಕಿದ್ದರು, ಚುಚ್ಚಿಸಿಕೊಳ್ಳದವರಲ್ಲಿ 86. ಕಾಯಿಲೆ ಮರುಕಳಿಸದೆ ಇದ್ದವರು ಸುಮಾರು 87ಕ್ಕೆ 83. 2022ರಲ್ಲಿ ಪ್ಯಾರಿಸ್ಸಿನ ವೈದ್ಯ ಸಮ್ಮೇಳನದಲ್ಲಿ ಹೇಳಿದರು, 2023ರಲ್ಲಿ ಅಚ್ಚಾಯಿತು.

ನೂರಕ್ಕೆ ನಾಲ್ಕು ಜನ. "ಮಾಯ" ಎಂಬ ಮಾತಿಗೆ ಇದು ಎಷ್ಟು ದೂರ ನೋಡಿ. ಆದರೆ ಆ ನಾಲ್ಕರಲ್ಲಿ ಒಬ್ಬಳು ನಮ್ಮ ತಂಗಿಯಾದರೆ? ನೂರು ರೂಪಾಯಿಗೆ ನಾಲ್ಕು ಜೀವ ಕಡಿಮೆಯೇನಲ್ಲ. ಆದರೆ ಆ ನಾಲ್ಕು ಜನರಿಗೂ ಆಪರೇಷನ್ ಆಗಿತ್ತು, ಆಮೇಲಿನ ಚಿಕಿತ್ಸೆಯೂ ಆಗಿತ್ತು. ಚುಚ್ಚುಮದ್ದು ಅದರ ಜೊತೆಗೆ ಸೇರಿದ್ದೇ ಹೊರತು ಅದರ ಬದಲಿಗೆ ಬಂದದ್ದಲ್ಲ.

"ಮರಗಟ್ಟಿಸೋ ಮದ್ದು ಕ್ಯಾನ್ಸರಿಗೆ ಏನು ಮಾಡುತ್ತೆ ಮೇಡಂ?" ಎಂದು ಕೇಳಿದೆ. ಅವರು ಕಾಗದದ ಹಿಂದೆ ಚಿತ್ರ ಬರೆದು ತೋರಿಸಿದರು. ನೋವಿನ ಸುದ್ದಿ ನರದಲ್ಲಿ ಓಡಬೇಕಾದರೆ ಸೋಡಿಯಂ, ಅಂದರೆ ನಾವು ಸಾರಿಗೆ ಹಾಕುವ ಉಪ್ಪಿನಲ್ಲಿರುವ ವಸ್ತು, ಸಣ್ಣ ಸಣ್ಣ ಬಾಗಿಲುಗಳಿಂದ ಒಳಗೆ ನುಗ್ಗಬೇಕು. ಲಿಗ್ನೋಕೇನ್ ಆ ಬಾಗಿಲಿಗೆ ಅಗುಳಿ ಹಾಕುತ್ತದೆ. ಸುದ್ದಿ ಓಡುವುದಿಲ್ಲ, ನೋವು ತಿಳಿಯುವುದಿಲ್ಲ. ಇಂಥ ಬಾಗಿಲು ಕೆಲವು ಕ್ಯಾನ್ಸರ್ ಕಣಗಳಿಗೂ ಇವೆಯಂತೆ. ಅವು ಅದನ್ನು ಜಾಗ ಬಿಟ್ಟು ಹರಿದಾಡಲು ಬಳಸುತ್ತವೆ. ಆಪರೇಷನ್ ಹೊತ್ತಿನಲ್ಲಿ ಗಡ್ಡೆಯನ್ನು ಮುಟ್ಟಿ ಎಳೆದಾಗ ಕಣಗಳು ಚದುರುವ ಅಪಾಯವಿದೆ. ಆ ಹೊತ್ತಿಗೆ ಬಾಗಿಲು ಹಾಕಿಬಿಟ್ಟರೆ ಓಡುವುದು ಕಡಿಮೆಯಾದೀತು ಎಂಬುದು ಅವರ ವಿಚಾರ.

ಇನ್ನು ಎರಡನೇ ಸುದ್ದಿ, ಮೂತ್ರಕೋಶದ್ದು. ಅದೂ ಕಟ್ಟುಕಥೆಯಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಮೂತ್ರಕೋಶದ ಕ್ಯಾನ್ಸರ್ ಕಣಗಳ ಮೇಲೆ ಲಿಗ್ನೋಕೇನ್, ಬುಪಿವಕೇನ್ ಹಾಕಿದಾಗ ಅವು ಬೆಳೆಯುವುದು ನಿಧಾನವಾಗಿದೆ, ಕೆಲವು ಸತ್ತಿವೆ. ಚೀನಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳ ಮೂತ್ರಕೋಶಕ್ಕೆ ಮೈಟೋಮೈಸಿನ್ ಎಂಬ ಕ್ಯಾನ್ಸರ್ ಮದ್ದಿನ ಜೊತೆಗೆ ಲಿಗ್ನೋಕೇನ್ ಸೇರಿಸಿ ಬಿಟ್ಟಾಗ ಇಲಿಗಳು ಹೆಚ್ಚು ದಿನ ಬದುಕಿದವು. ಸಂಶೋಧಕರಿಗೆ ಮೂತ್ರಕೋಶದ ಮೇಲೆ ಆಸೆ ಹುಟ್ಟಲು ಕಾರಣವೂ ಇದೆ. ಅದೊಂದು ಚೀಲ. ರಕ್ತಕ್ಕೆ ಕೊಟ್ಟರೆ ತಡೆಯಲಾಗದಷ್ಟು ಗಟ್ಟಿ ಮದ್ದನ್ನೂ ಚೀಲದೊಳಗೆ ಬಿಟ್ಟು, ಸ್ವಲ್ಪ ಹೊತ್ತು ಇಟ್ಟು, ಹೊರಗೆ ಹಾಕಬಹುದು. ಮೂತ್ರಕೋಶದ ಬೇರೆ ಬಗೆಯ ನೋವುಗಳಿಗೆ ಲಿಗ್ನೋಕೇನನ್ನು ಹೀಗೆ ಬಿಡುವುದು ಈಗಾಗಲೇ ಉಂಟು.

ಇವರ ಬೆನ್ನಿಗೆ ಚುಚ್ಚಿದ್ದರ ಬಗ್ಗೆಯೂ ಕೇಳಿದೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಗಂಟು ಕೆರೆದವರಿಗಿಂತ ಬೆನ್ನಿಗೆ ಚುಚ್ಚಿ ಕೆರೆದವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯೇ ಎಂದು ಕೆಲವು ದೇಶಗಳಲ್ಲಿ ಹಳೆಯ ಆಸ್ಪತ್ರೆ ಕಡತ ತೆಗೆದು ಲೆಕ್ಕ ಹಾಕಿದ್ದಾರೆ. ಕೆಲವರಿಗೆ ಕಡಿಮೆ ಎಂದು ಕಂಡಿದೆ, ಕೆಲವರಿಗೆ ವ್ಯತ್ಯಾಸವೇ ಕಂಡಿಲ್ಲ. ಕಡತದ ಲೆಕ್ಕ ಬೇರೆ, ಟಾಟಾದವರ ಹಾಗೆ ಚೀಟಿ ಎತ್ತಿ ಮಾಡುವ ಪರೀಕ್ಷೆ ಬೇರೆ ಎಂದರು ಡಾಕ್ಟರಮ್ಮ. "ತಟ್ಟೆಯಲ್ಲಿ ಕಣ ಸತ್ತರೆ ಮನುಷ್ಯರಲ್ಲೂ ಸಾಯುತ್ತೆ ಅಂತ ಅಲ್ಲ. ತಟ್ಟೆಗೆ ಸಾಬೂನು ನೀರು ಹಾಕಿದರೂ ಸಾಯುತ್ತೆ. ಮುಂದೆ ಇದು ಮದ್ದಾಗಬಹುದು, ಆಗದೆಯೂ ಇರಬಹುದು. ಇವತ್ತು ಇದು ಮೂತ್ರಕೋಶದ ಕ್ಯಾನ್ಸರಿಗೆ ಒಪ್ಪಿತ ಚಿಕಿತ್ಸೆ ಅಲ್ಲ. ಬಿ.ಸಿ.ಜಿ. ಬಿಡಿಸಿ ಇದನ್ನ ಕೊಡೋ ಧೈರ್ಯ ನನಗಿಲ್ಲ."

ಸಾಬೂನು ನೀರಿನ ಮಾತು ನನಗೆ ತಟ್ಟಿತು. ದಿನಕ್ಕೆ ಎರಡು ಸಲ ಪಾತ್ರೆ ತೊಳೆಯುವವಳಲ್ಲವೇ.

ಎದ್ದು ಬರುವಾಗ ಇನ್ನೊಂದು ಪೆದ್ದು ಪ್ರಶ್ನೆ ಕೇಳಿಬಿಟ್ಟೆ. ಔಷಧಿ ಅಂಗಡಿಯಲ್ಲಿ ಈ ಜೆಲ್ಲಿ ಸಿಗುತ್ತಲ್ಲ, ಉರಿಗಾದರೂ ಮನೆಯಲ್ಲೇ ಹಚ್ಚಬಹುದೇ ಎಂದು. ಅವರ ಮುಖ ಗಂಭೀರವಾಯಿತು. ಲೆಕ್ಕ ಮೀರಿ ಮೈಗೆ ಸೇರಿದರೆ ಮೊದಲು ತುಟಿ ನಾಲಿಗೆ ಜೋಮು ಹಿಡಿಯುತ್ತದೆ, ಕಿವಿ ಗುಯ್ ಅನ್ನುತ್ತದೆ, ಆಮೇಲೆ ಫಿಟ್ಸ್ ಬರಬಹುದು, ಹೃದಯವೂ ನಿಲ್ಲಬಹುದು. ಆಸ್ಪತ್ರೆಯಲ್ಲಿ ತೂಕಕ್ಕೆ ತಕ್ಕ ಹಾಗೆ ಅಳೆದು ಕೊಡುವುದಕ್ಕೆ ಕಾರಣವೇ ಅದು. ಉರಿಗೆ ಬೇರೆ ಮಾತ್ರೆ ಬರೆದುಕೊಟ್ಟರು. ಮೊದಲೇ ಕೇಳಿದ್ದರೆ ಮೊದಲೇ ಕೊಡುತ್ತಿದ್ದರಂತೆ. ನಾವೇ ಹೇಳಿರಲಿಲ್ಲ. ಇವರಿಗೆ ಡಾಕ್ಟರಮ್ಮನ ಮುಂದೆ "ಅಲ್ಲಿ ಉರಿಯುತ್ತೆ" ಎನ್ನಲು ನಾಚಿಕೆ, ನನಗೆ ಇವರ ಪರವಾಗಿ ಹೇಳಲು ಸಂಕೋಚ. ಮೂವತ್ತು ವರ್ಷದ ಸಂಸಾರದಲ್ಲಿ ಇದೆಂಥ ಮಡಿವಂತಿಕೆಯೋ!

ಮನೆಗೆ ಬಂದು ಇವರ ಮುಂದೆ ಆ ಚಿತ್ರದ ಕಾಗದ ಇಟ್ಟೆ. ಬಾಗಿಲು, ಅಗುಳಿ, ಇಲಿ, ನೂರಕ್ಕೆ ನಾಲ್ಕು, ಎಲ್ಲ ಹೇಳಿದೆ. ಟರ್ನರ್ ಕೆಲಸದವರಿಗೆ ಲೆಕ್ಕ ಬೇಗ ಹಿಡಿಸುತ್ತದೆ. ಬಹಳ ಹೊತ್ತು ಕಾಗದ ನೋಡಿ, "ಅಂದರೆ ನನ್ನ ಕಾಯಿಲೆಗೆ ಇದು ಇನ್ನೂ ಇಲಿ ಮಟ್ಟದಲ್ಲಿದೆ ಅನ್ನು" ಎಂದರು. "ಹೌದು ರೀ" ಎಂದೆ. "ನನ್ನನ್ನ ಬಿಟ್ಟು ಒಬ್ಬಳೇ ಹೋಗಿದ್ದೆಯಾ?" ಎಂದು ಸಿಟ್ಟು ಮಾಡಿಕೊಂಡು ಗೋಡೆ ಕಡೆ ತಿರುಗಿ ಮಲಗಿದರು. ಗುರುವಾರ ಬೆಳಿಗ್ಗೆ ಮಾತ್ರ ನನಗಿಂತ ಮುಂಚೆ ಚಪ್ಪಲಿ ಮೆಟ್ಟಿ ನಿಂತಿದ್ದರು.

ಆರೂ ಮುಗಿಯಿತು. ಆಮೇಲೆ ಮೂರು ತಿಂಗಳಿಗೊಮ್ಮೆ ದುರ್ಬೀನು ಹಾಕಿ ನೋಡುವುದು, ಮಧ್ಯೆ ಮಧ್ಯೆ ಮೂರು ಮೂರು ವಾರದ ಬಿ.ಸಿ.ಜಿ. ಮತ್ತೆ. ಬೀಡಿ ಸಿಗರೇಟು ಬಿಟ್ಟಿದ್ದಾರೆ. ಪೂರ್ತಿ ಬಿಟ್ಟಿದ್ದಾರೋ ಇಲ್ಲವೋ ಎಂದು ನಾನು ಈಗಲೂ ತಾರಸಿಗೆ ಬಟ್ಟೆ ಒಣಹಾಕುವ ನೆಪದಲ್ಲಿ ಹೋಗಿ ಮೂಲೆ ನೋಡಿ ಬರುತ್ತೇನೆ. ಒಂದು ಸಲ ಕಡ್ಡಿಪೆಟ್ಟಿಗೆ ಸಿಕ್ಕಿತು. ಅದು ದೀಪ ಹಚ್ಚಲು ಎಂದರು. ನಮ್ಮ ತಾರಸಿಯಲ್ಲಿ ದೇವರಿಲ್ಲ.

ಬೀದಿಯವರಿಗೂ ಕಡೆಗೆ ಗೊತ್ತಾಯಿತು. ನಾನೇ ಹೇಳಿದೆ. ಹಿಂದಿನ ಬೀದಿಯಲ್ಲಿ ಅಗರಬತ್ತಿ ಹೊಸೆಯುವ ಹೆಂಗಸೊಬ್ಬರು ಒಂದು ದಿನ ಬಂದು ದನಿ ತಗ್ಗಿಸಿ, "ಅಕ್ಕಾ, ನನಗೆ ಮುಟ್ಟು ನಿಂತು ನಾಲ್ಕು ವರ್ಷ ಆಯ್ತು. ಒಂದಕ್ಕೆ ಹೋದಾಗ ಎರಡು ಸಲ ಕೆಂಪು ಬಂತು. ನೋವಿಲ್ಲ" ಎಂದರು. ನಾನು ಬಾರ್ಲಿ ನೀರಿನ ಮಾತೆತ್ತಲಿಲ್ಲ. ಮಾರನೇ ದಿನವೇ ಜೊತೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ. ಅವರದು ಮೂತ್ರಪಿಂಡದ ಕಲ್ಲು, ಕ್ಯಾನ್ಸರಲ್ಲ. ಆ ಸಂತೋಷಕ್ಕೆ ಇಬ್ಬರೂ ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದೆವು.

ಇವರ ಹೋದ ಸಲದ ಪರೀಕ್ಷೆಯಲ್ಲಿ ಗೋಡೆ ಶುಭ್ರವಾಗಿತ್ತು. ಮುಂದಿನದರ ತಾರೀಕಿಗೆ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟಿಟ್ಟಿದ್ದೇನೆ. ಆ ದಿನ ಹತ್ತಿರ ಬಂದ ಹಾಗೆಲ್ಲ ಇವರು ಮಾತು ಕಡಿಮೆ ಮಾಡುತ್ತಾರೆ, ನಾನು ಹೆಚ್ಚು ಮಾಡುತ್ತೇನೆ.

ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಬೀಟ್‌ರೂಟ್ ಮಾಡಿರಲಿಲ್ಲ. ಮೊನ್ನೆ ಇವರೇ ಸಂತೆಯಿಂದ ಅರ್ಧ ಕಿಲೋ ತಂದು ಅಡಿಗೆಮನೆಯಲ್ಲಿಟ್ಟರು. ಸಾಸಿವೆ, ಕಡ್ಲೆಬೇಳೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ, ಕಾಯಿತುರಿ ಸೇರಿಸಿ ಪಲ್ಯ ಮಾಡಿದೆ. ಎರಡು ಸಲ ಹಾಕಿಸಿಕೊಂಡರು. ಬೆಳಿಗ್ಗೆ ಒಳಗಿಂದಲೇ ಕೂಗಿದರು, "ಬಾರೇ ಇಲ್ಲಿ, ಇದು ನಿನ್ನ ಬೀಟ್‌ರೂಟೇ ಅಲ್ವೇನೇ?" ಕೈಯಲ್ಲಿದ್ದ ದೋಸೆ ಸಟ್ಟುಗ ಹಿಡಿದೇ ಓಡಿದೆ. ಬೀಟ್‌ರೂಟಿನ ಹಾಗೇ ಇತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಕೊಟ್ಟು ಬಂದೆವು. ಸಾಯಂಕಾಲ ಚೀಟಿ ಕೊಟ್ಟರು. ರಕ್ತದ ಕಣ ಒಂದೂ ಇರಲಿಲ್ಲ.